ಚೀಲಗಟ್ಟಲೆ ಕಾಯಿಪಲ್ಲೆ: ಕೂಡಿ ಕೊಂಡರೆ ಲಾಭ, ಲೆಕ್ಕ ತಪ್ಪಿದರೆ ನಷ್ಟ



ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಕಡೆಯ ಸ್ವಸಹಾಯ ಸಂಘಗಳ ಸಭೆಗೆ ಹೋದಾಗ ನಾವು ಮೇಲಿಂದ ಮೇಲೆ ಕೇಳುವ ಮಾತೊಂದಿದೆ: “ಅಕ್ಕಾರ, ಪಾವ್ ಕಿಲೋ, ಅರ್ಧ ಕಿಲೋ ತಗೊಂಡ್ರ ರೊಕ್ಕ ಉಳ್ಯಾಂಗಿಲ್ಲ. ಎಲ್ಲಾರೂ ಕೂಡಿ ಮಾರ್ಕೆಟ್‌ನಿಂದ ಚೀಲನ ತಂದ್ರ ಹೆಂಗ?”

ವಿಚಾರ ಒಳ್ಳೆಯದೇ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾದ ಮೇಲೆ ಕೂಡಿ ಉಳಿತಾಯ ಮಾಡುವುದು ಹಳ್ಳಿಹಳ್ಳಿಗೂ ಮುಟ್ಟಿತು. ಕೂಡಿ ಖರೀದಿ ಮಾಡುವುದು ಅದರ ಮುಂದಿನ ಹೆಜ್ಜೆ. ಆದರೆ ಸೋವಿ ಸಿಕ್ಕಿತೆಂದು ತಂದ ಮಾಲು ಮನೆಯಲ್ಲಿ ಕೊಳೆತರೆ ಸೋವಿಯೇ ತುಟ್ಟಿಯಾಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಉಳ್ಳಾಗಡ್ಡಿ ಕಿಲೋಕ್ಕೆ 20 ರೂಪಾಯಿಯಂತೆ 50 ಕಿಲೋ ಚೀಲಕ್ಕೆ 1000 ರೂಪಾಯಿ. ದಲಾಲಿ, ಹಮಾಲಿ, ಟಂಟಂ ಬಾಡಿಗೆ ಸೇರಿ 125 ಎಂದು ಹಿಡಿಯಿರಿ. ಒಟ್ಟು 1125. ಐದು ಕಿಲೋ ಕೆಟ್ಟರೆ ಉಳಿದ 45 ಕಿಲೋ ನಮಗೆ 25 ರೂಪಾಯಿಯಂತೆ ಬಿತ್ತು. ಊರ ಅಂಗಡಿಯಲ್ಲಿ 30 ಇದ್ದರೆ ಕಿಲೋಕ್ಕೆ 5 ರೂಪಾಯಿ ಉಳಿಯಿತು. ಅದೇ ಚೀಲದ ಕಾಲು ಭಾಗ ಕೊಳೆತರೆ? ನಮಗೂ 30 ರೂಪಾಯಿಯೇ ಬಿತ್ತು. ಮಾರ್ಕೆಟ್‌ಗೆ ಹೋಗಿ ಬಂದ ದಿನದ ಕೂಲಿ ಮಾತ್ರ ಹೋಯಿತು.

ಒಂದೇ ಮನೆಯವರು ಚೀಲ ತಂದರೆ ಹೀಗಾಗುವ ಭಯ ಹೆಚ್ಚು. ಹತ್ತು ಮನೆಯವರು ಹಂಚಿಕೊಂಡರೆ ತಲೆಗೆ ನಾಲ್ಕೂವರೆ ಕಿಲೋ ಬರುತ್ತದೆ, ಕೆಡುವುದರೊಳಗೆ ಖರ್ಚಾಗುತ್ತದೆ. ಸಂಘದ ಬಲ ಇರುವುದೇ ಇಲ್ಲಿ.

ಯಾವುದನ್ನು ತರಬೇಕು?

ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಹೆಚ್ಚು ತರಬಹುದು. ಮಳೆಗಾಲದ ಬೆಳೆಯ ಉಳ್ಳಾಗಡ್ಡಿಯಲ್ಲಿ ನೀರಿನಂಶ ಹೆಚ್ಚು, ಬಹಳ ದಿನ ಇರುವುದಿಲ್ಲ. ಬೇಸಿಗೆಯಲ್ಲಿ ಬರುವ ಹಿಂಗಾರಿ ಉಳ್ಳಾಗಡ್ಡಿ ತಿಂಗಳುಗಟ್ಟಲೆ ತಾಳುತ್ತದೆ. ಕುತ್ತಿಗೆ ಒಣಗಿದ್ದನ್ನೇ ಆರಿಸಿರಿ. ಲಿಂಬಿಕಾಯಿ ನಮ್ಮ ಇಂಡಿ, ಸಿಂದಗಿಯದೇ ಬೆಳೆ. ಬೇಸಿಗೆಯಲ್ಲಿ ತುಟ್ಟಿ, ಮಳೆಗಾಲದಲ್ಲಿ ಅಗ್ಗ. ಅಗ್ಗವಿದ್ದಾಗ ಕೂಡಿ ತಂದು ಉಪ್ಪಿನಕಾಯಿ ಹಾಕಿರಿ. ಮೆಂತೆಪಲ್ಲೆ, ಕೊತ್ತಂಬರಿ, ಹಣ್ಣಾದ ಟೊಮ್ಯಾಟೊ ಮಾತ್ರ ಅಂದಂದಿನ ಸಂತೆಯಲ್ಲೇ ಕೊಳ್ಳುವುದು ಲೇಸು. ಮದುವೆ, ಹಬ್ಬ ಇದ್ದರೆ ಮಾತು ಬೇರೆ.

ಹೇಗೆ ತರಬೇಕು?

1. ಯಾರಿಗೆ ಎಷ್ಟು ಬೇಕೆಂದು ಬರೆದುಕೊಂಡು ರೊಕ್ಕ ಮೊದಲೇ ಕೂಡಿಸಿರಿ. ಸಾಲ ಮಾಡಿ ಕಾಯಿಪಲ್ಲೆ ತರಬೇಡಿರಿ.
2. ಖರೀದಿಗೆ ಒಬ್ಬರೇ ಹೋಗದೆ ಇಬ್ಬರು ಮೂವರು ಹೋಗಿರಿ. ಪ್ರತಿ ಸಲ ಬೇರೆಯವರಿಗೆ ಅವಕಾಶ ಕೊಡಿರಿ.
3. ಮೇಲಿನ ಮಾಲು ನೋಡಿ ಮೋಸಹೋಗಬೇಡಿರಿ. ಚೀಲದ ನಡುವೆ, ತಳದಲ್ಲಿ ಕೈಹಾಕಿ ನೋಡಿರಿ. ನಿಮ್ಮೆದುರೇ ತೂಕ ಮಾಡಿಸಿ ಚೀಟಿ ಪಡೆಯಿರಿ. ದಲಾಲಿ, ಹಮಾಲಿ ಎಷ್ಟೆಂದು ಮೊದಲೇ ಕೇಳಿರಿ.
4. ಊರಿಗೆ ಬಂದಮೇಲೆ ಕೆಟ್ಟದ್ದನ್ನು ಎಲ್ಲರೆದುರು ಆರಿಸಿ ತೆಗೆದು, ಒಳ್ಳೆಯದನ್ನು ತೂಗಿ ಹಂಚಿರಿ. ನಷ್ಟ ಎಲ್ಲರಿಗೂ ಸಮನಾಗಿ ಬರಲಿ. ಲೆಕ್ಕವನ್ನು ಅಂದೇ ಪುಸ್ತಕದಲ್ಲಿ ಬರೆದು ಓದಿ ಹೇಳಿರಿ.

ಮನೆಯಲ್ಲಿ ಉಳ್ಳಾಗಡ್ಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಗಾಳಿಯಾಡುವಲ್ಲಿ ಹರವಿರಿ. ಬಟಾಟಿಯನ್ನು ಅದರ ಹತ್ತಿರ ಇಡದೆ ಬೇರೆ ಕಡೆ, ಕತ್ತಲಲ್ಲಿ ಇಡಿರಿ. ಬೆಳಕು ಬಿದ್ದರೆ ಅದು ಹಸಿರಾಗಿ ವಿಷಕಾರಿಯಾಗುತ್ತದೆ. ಹೀಗೆ ಹಸಿರಾದದ್ದನ್ನು ಮಕ್ಕಳಿಗೆ ಕೊಡಬೇಡಿರಿ.

ಐದಿಪ್ಪತ್ತು ರೂಪಾಯಿಯ ಲೆಕ್ಕ ತಪ್ಪಿ ವರ್ಷಗಳ ಸಂಘ ಒಡೆಯಬಾರದು. ಉಳಿಯುವ ರೊಕ್ಕ ಸಣ್ಣದಿರಬಹುದು, ಒಬ್ಬರ ಮೇಲೊಬ್ಬರು ಇಟ್ಟ ನಂಬಿಕೆ ದೊಡ್ಡದು. ಬರುವ ವಾರದ ಸಭೆಯಲ್ಲಿ ಇದನ್ನು ಓದಿ ಚರ್ಚಿಸಿರಿ. ಮೊದಲ ಸಲಕ್ಕೆ ಒಂದೇ ಚೀಲ ತಂದು ನೋಡಿರಿ. ಹನಿಹನಿ ಕೂಡಿದರೆ ಹಳ್ಳ ಅಲ್ಲವೇ?