ಕೊಂಬೇ ಮುಳುವಾಯಿತೆ?

ತನ್ನ ಕೊಂಬಿನ ಚೆಲುವಿಗೆ ಹಿಗ್ಗಿ, ಸಣಕಲು ಕಾಲುಗಳಿಗೆ ನಾಚಿ, ಕಡೆಗೆ ಆ ಕೊಂಬೇ ಪೊದೆಗೆ ಸಿಕ್ಕಿ ಪ್ರಾಣ ನೀಗಿದ ಜಿಂಕೆಯ ಕಥೆಯನ್ನು ಶ್ರೋತೃಗಳಲ್ಲಿ ಹಲವರು ಬಾಲ್ಯದಲ್ಲಿಯೇ ಕೇಳಿರಬಹುದು. ಭೂಮಿಯಿಂದ ಅಳಿದುಹೋದ ಒಂದು ಮಹಾಮೃಗದ ವಿಷಯದಲ್ಲಿ ವಿದ್ವಾಂಸರೂ ಬಹುಕಾಲ ಇದೇ ಕಥೆಯನ್ನು ಹೇಳುತ್ತಿದ್ದರು. ಅದಕ್ಕೆ ಶಾಸ್ತ್ರದಲ್ಲಿ ಮೆಗಾಲೊಸೆರಸ್ ಎಂದು ಹೆಸರು, ಮಹಾಶೃಂಗವುಳ್ಳದ್ದು ಎಂದರ್ಥ.

ಇದರ ಗಾತ್ರವನ್ನು ಊಹಿಸಲು ನಮ್ಮ ಕಡವೆಯನ್ನು ನೆನೆಯುವುದು ಲೇಸು. ಹಿಂದೆ ಪುಲಿಕೇಶಿನಗರವೇ ಮೊದಲಾದ ದಂಡಿನ ಬಡಾವಣೆಗಳ ಬಂಗಲೆಗಳಲ್ಲಿ ಕಡವೆಯ ಕೊಂಬನ್ನು ಗೋಡೆಗೆ ತೂಗುಹಾಕುವ ರೂಢಿ ಇತ್ತು. ಒಂದೊಂದು ಕೊಂಬು ಮೂರು ಅಡಿಯಿದ್ದರೆ ಬೇಟೆಗಾರನಿಗೆ ಹೆಮ್ಮೆ. ಮಹಾಶೃಂಗಿಯ ಕೊಂಬುಗಳಾದರೋ ತುದಿಯಿಂದ ತುದಿಗೆ 12 ಅಡಿಯವರೆಗೆ ಹರಡಿ, ಸಾಮಾನ್ಯ ಕೋಣೆಯ ಇಡೀ ಗೋಡೆಯನ್ನು ಆಕ್ರಮಿಸುವಷ್ಟಿದ್ದವು. ಅವುಗಳ ತೂಕ ಸುಮಾರು 40 ಕಿಲೋಗ್ರಾಂ. ಮೃಗದ ಎತ್ತರ ಭುಜದ ಬಳಿ ಸುಮಾರು 7 ಅಡಿ.

ದನದ ಕೊಂಬು ಬಾಳಿನುದ್ದಕ್ಕೂ ಉಳಿಯುವಂಥದು. ಜಿಂಕೆಯ ಜಾತಿಯ ಕೊಂಬು ಹಾಗಲ್ಲ. ಅದು ಉದುರಿಹೋಗಿ ಮತ್ತೆ ಚಿಗುರುವ ಮೂಳೆ. ಇಷ್ಟು ದೊಡ್ಡ ಭಾರವನ್ನು ಮಹಾಶೃಂಗಿಯ ಗಂಡು ಪ್ರತಿವರ್ಷವೂ ಕೆಲವೇ ತಿಂಗಳುಗಳಲ್ಲಿ ಬೆಳೆಸಬೇಕಾಗಿತ್ತು. ಅದಕ್ಕೆ ಬೇಕಾದ ಸುಣ್ಣದ ಅಂಶವನ್ನು ದೇಹವು ತನ್ನ ಮೂಳೆಗಳಿಂದಲೇ ಕಡ ತೆಗೆದು, ಅನಂತರ ಮೇವಿನಿಂದ ತೀರಿಸಬೇಕು.

ಐರ್ಲೆಂಡಿನ ಜೌಗುನೆಲಗಳಲ್ಲಿ ಇದರ ಅವಶೇಷಗಳು ವಿಪುಲವಾಗಿ ದೊರೆತಿವೆ. 1697ರಲ್ಲಿ ಇವನ್ನು ವರ್ಣಿಸಿದ ಥಾಮಸ್ ಮಾಲಿನೋ ಎಂಬ ವೈದ್ಯನು, ಸೃಷ್ಟಿಯಲ್ಲಿ ಯಾವ ಪ್ರಾಣಿಯೂ ಸಂಪೂರ್ಣವಾಗಿ ನಾಶವಾಗದೆಂದು ನಂಬಿ, ಈ ಮೃಗವು ಅಮೆರಿಕದಲ್ಲಿ ಇನ್ನೂ ಇದೆಯೆಂದು ವಾದಿಸಿದನು. 1812ರಲ್ಲಿ ಫ್ರಾನ್ಸಿನ ಕ್ಯುವಿಯೆ ಮಹಾಶಯನು, ಬದುಕಿರುವ ಯಾವ ಮೃಗಕ್ಕೂ ಇದು ಹೊಂದುವುದಿಲ್ಲವೆಂದು ತೋರಿಸಿದನು. ಒಂದು ಜೀವಜಾತಿಯೇ ಇಲ್ಲವಾಗಬಲ್ಲದೆಂಬ ಸತ್ಯವನ್ನು ಮನುಷ್ಯನಿಗೆ ಮನಗಾಣಿಸಿದ ಮೃಗಗಳಲ್ಲಿ ಇದೂ ಒಂದು.

ಹಾಗಾದರೆ ಅದು ಅಳಿದದ್ದು ಏಕೆ? ಕೊಂಬು ಒಮ್ಮೆ ಹೆಚ್ಚತೊಡಗಿ, ಮತ್ತೆ ತಡೆಯಿಲ್ಲದೆ ಬೆಳೆದು ಒಡೆಯನನ್ನೇ ಕೊಂದಿತೆಂದು ಕೆಲವರು ಹೇಳಿದರು. ಆದರೆ ಈ ಮೃಗವು ಸುಮಾರು ನಾಲ್ಕು ಲಕ್ಷ ವರ್ಷ ಬಾಳಿತೆಂಬುದನ್ನು ಮರೆಯಲಾಗದು. 1974ರಲ್ಲಿ ಅಮೆರಿಕದ ಸ್ಟೀಫನ್ ಜೇ ಗೂಲ್ಡ್ ಅನೇಕ ತಲೆಬುರುಡೆಗಳನ್ನೂ ಕೊಂಬುಗಳನ್ನೂ ಅಳೆದು, ಕೊಂಬಿನ ಗಾತ್ರವು ದೇಹದ ಗಾತ್ರಕ್ಕೆ ನಿಯಮಬದ್ಧವಾಗಿಯೇ ಇತ್ತೆಂದೂ, ಎದುರಾಳಿಯನ್ನು ಬೆದರಿಸಿ ಹೆಣ್ಣನ್ನು ಸೆಳೆಯಲು ಅದು ನೆರವಾಗುತ್ತಿತ್ತೆಂದೂ ಪ್ರತಿಪಾದಿಸಿದರು. ಮೇವು ಸಮೃದ್ಧವಾಗಿರುವವರೆಗೆ ಕೊಂಬಿನ ಸಾಲ ತೀರುತ್ತಲೇ ಇತ್ತು. ಸುಮಾರು ಹನ್ನೆರಡೂವರೆ ಸಾವಿರ ವರ್ಷಗಳ ಹಿಂದೆ ಚಳಿ ಮರುಕಳಿಸಿ ಹುಲ್ಲುಗಾವಲು ಕ್ಷೀಣಿಸಲು, ಐರ್ಲೆಂಡಿನಲ್ಲಿ ಅದರ ಸಂತತಿ ಮುಗಿಯಿತು. ಸೈಬೀರಿಯದಲ್ಲಿ ಮಾತ್ರ ಸುಮಾರು 7,700 ವರ್ಷಗಳ ಹಿಂದಿನವರೆಗೂ ಅದು ಉಳಿದಿತ್ತೆಂದು 2004ರಲ್ಲಿ ಪ್ರಕಟವಾಯಿತು. ಅದರ ಕೊನೆಗೆ ಬೇಟೆಗಾರನ ಕೈಯೂ ಸೇರಿರಬಹುದು.

ಆದುದರಿಂದ ಇದು ಗರ್ವಭಂಗದ ಕಥೆಯಲ್ಲ. ನೆಲ ಬದಲಾದುದರ ಕಥೆ. ಬಂಡೀಪುರ, ನಾಗರಹೊಳೆಗಳಲ್ಲಿ ನಮ್ಮ ಕಡವೆ ಇಂದಿಗೂ ಕೊಂಬು ಉದುರಿಸಿ ಮತ್ತೆ ಚಿಗುರಿಸುತ್ತಿದೆ. 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಅದನ್ನು ಕೋವಿಯಿಂದ ಕಾಯುತ್ತದೆ. ಕೋವಿ ಸುಮ್ಮನಾದ ಮಾತ್ರಕ್ಕೆ ಕೊಂಬು ಚಿಗುರದು. ಅದಕ್ಕೆ ಕಾಡೂ ಮೇವೂ ಉಳಿದಿರಬೇಕು.