ಇಡುಗಂಟು ಮತ್ತು ಪಣ: ಬೇಗಂ ಬಜಾರಿನ ದೃಷ್ಟಿಯಿಂದ ಪೋಕರ್ ಆಟದ ಲೆಕ್ಕ

ಹೈದರಾಬಾದಿನ ಹೋಟೆಲುಗಳಲ್ಲಿ ದುಡಿಯುವ ನಮ್ಮ ಸೋದರರಲ್ಲಿ ಬೇಗಂ ಬಜಾರನ್ನು ಅರಿಯದವರು ವಿರಳ. ಒಣಮೆಣಸಿನಕಾಯಿ, ಗೋಡಂಬಿ, ಏಲಕ್ಕಿ, ಹಿತ್ತಾಳೆಯ ಕೊಳಗ, ಸ್ಟೀಲಿನ ತಟ್ಟೆ ಯಾವುದು ಸಗಟಾಗಿ ಬೇಕಾದರೂ ಅಲ್ಲಿಗೇ ಹೋಗಬೇಕು. ಎರಡನೆಯ ನಿಜಾಮನ ಪತ್ನಿಯಾದ ಹುಮ್ದಾ ಬೇಗಂ ವ್ಯಾಪಾರಿಗಳಿಗೆ ಇತ್ತ ಭೂಮಿಯಲ್ಲಿ ಬೆಳೆಯಿತೆಂದು ಹೇಳಲಾಗುವ ಆ ಪೇಟೆಯಲ್ಲಿ ತಲೆಮಾರುಗಳಿಂದ ಉಳಿದುಕೊಂಡಿರುವ ಅಂಗಡಿಗಳ ಕ್ರಮವನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಬಂಡವಾಳವನ್ನೆಲ್ಲ ಒಂದೇ ಸರಕಿನ ಮೇಲೆ ಸುರಿಯುವ ವ್ಯಾಪಾರಿ ಅಲ್ಲಿ ಬಹುಕಾಲ ನಿಲ್ಲುವುದಿಲ್ಲ. ಅಂಗಡಿಯ ಹಣಕ್ಕೆ ಒಂದು ವಹಿ, ಮನೆಯ ಖರ್ಚಿಗೆ ಇನ್ನೊಂದು ವಹಿ. ಒಂದರಿಂದ ಇನ್ನೊಂದಕ್ಕೆ ಕೈ ಹಾಕುವ ಪರಿಪಾಠವಿಲ್ಲ.

ಮೊಬೈಲಿನಲ್ಲಿ ಆಡುವ ಪೋಕರ್ ಎಂಬ ಇಸ್ಪೀಟಾಟದ ಪಂಡಿತರು ಹೇಳುವುದೂ ಇದನ್ನೇ. ಆಟಕ್ಕೆಂದೇ ತೆಗೆದಿರಿಸಿದ ಹಣವನ್ನು ಅವರು ಬ್ಯಾಂಕ್‌ರೋಲ್ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಇಡುಗಂಟು ಎಂಬ ಒಳ್ಳೆಯ ಹಳೆಯ ಪದವೇ ಇದೆ. ಸಣ್ಣ ಪಣದ ಮೇಜಿನಿಂದ ದೊಡ್ಡ ಪಣದ ಮೇಜಿಗೆ ಏರುವುದು ಯಾವಾಗ ಎಂಬುದೆಲ್ಲ ಈ ಇಡುಗಂಟಿನ ಗಾತ್ರವನ್ನು ಅವಲಂಬಿಸಿದೆಯಂತೆ. ಯಾರನ್ನೂ ಆಟಕ್ಕೆ ಕರೆಯಲು ನಾವು ಇದನ್ನು ಬರೆಯುತ್ತಿಲ್ಲ. ಆಡಿದವರನ್ನು ಹಳಿಯುವುದೂ ನಮ್ಮ ಉದ್ದೇಶವಲ್ಲ. ‘ಶಿಸ್ತಿನಿಂದ ಆಡಿದರೆ ಸಂಪಾದನೆ ಖಂಡಿತ’ ಎಂಬ ಮಾತು ಗುಮಾಸ್ತರ ಕೋಣೆಗಳಲ್ಲಿಯೂ ಹೋಟೆಲಿನ ಅಟ್ಟದ ಮೇಲೂ ಕೇಳಿಬರುತ್ತಿರುವುದರಿಂದ, ಆ ಶಿಸ್ತಿನ ಲೆಕ್ಕವನ್ನೊಮ್ಮೆ ಬಿಡಿಸಿ ನೋಡುವುದು ಉಚಿತವೆಂದು ನಮಗೆ ತೋರಿತು.

ಮೊದಲು ಸಮಬಲದ ಆಟವನ್ನು ತೆಗೆದುಕೊಳ್ಳೋಣ. ಒಬ್ಬನ ಬಳಿ 1,000 ರೂಪಾಯಿ, ಎದುರಾಳಿಯ ಬಳಿ 9,000 ರೂಪಾಯಿ. ನಾಣ್ಯ ಚಿಮ್ಮಿ, ಒಂದೊಂದೇ ರೂಪಾಯಿ ಒಡ್ಡಿ, ಇಬ್ಬರಲ್ಲಿ ಒಬ್ಬರ ಕೈ ಬರಿದಾಗುವವರೆಗೆ ಆಡುತ್ತಾರೆ. ಮೋಸವೇನೂ ಇಲ್ಲ. ಆದರೂ ಬರಿಗೈಯಾಗುವವನು ಹತ್ತರಲ್ಲಿ ಒಂಬತ್ತು ಸಲ ಸಾವಿರದವನೇ. 17ನೆಯ ಶತಮಾನದಲ್ಲಿ ಪಾಸ್ಕಲ್, ಹೈಗನ್ಸ್ ಮುಂತಾದ ಗಣಿತಜ್ಞರ ಕಾಲದಿಂದಲೂ ತಿಳಿದಿರುವ ಸಿದ್ಧಾಂತವಿದು. ಹಣ ಕಡಿಮೆಯಿರುವವನಿಗೆ ಕೆಟ್ಟ ದಿನಗಳನ್ನು ದಾಟಿ ನಿಲ್ಲುವಷ್ಟು ಕಸುವಿಲ್ಲ, ಕಾರಣ ಅಷ್ಟೆ.

ಇನ್ನು ಎದುರಾಳಿಗಿಂತ ಕೊಂಚ ಜಾಣನಾದವನ ವಿಷಯ. ಅವನು ನೂರರಲ್ಲಿ 51 ಸಲ ಗೆಲ್ಲುತ್ತಾನೆಂದು ಇಟ್ಟುಕೊಳ್ಳೋಣ. ಅವನ ಇಡುಗಂಟು ಒಂದು ಪಣದ 20 ಪಟ್ಟು ಮಾತ್ರ ಇದ್ದರೆ, ಎಂದಾದರೊಮ್ಮೆ ಪೂರ್ತಿ ಮುಳುಗುವ ಸಂಭವ ನೂರಕ್ಕೆ 45ರಷ್ಟು. 100 ಪಟ್ಟು ಇದ್ದರೆ ಅದು ನೂರಕ್ಕೆ 2ಕ್ಕಿಂತ ಕಡಿಮೆಯಾಗುತ್ತದೆ. ಅದೇ ಮನುಷ್ಯ ಅದೇ ಹಣದಲ್ಲಿ ಪಣವನ್ನು ಎರಡರಷ್ಟು ಮಾಡಿದರೆ? ಇಡುಗಂಟು 50 ಪಟ್ಟಿಗೆ ಇಳಿದು, ಮುಳುಗುವ ಸಂಭವ ನೂರಕ್ಕೆ 13ನ್ನು ಮೀರುತ್ತದೆ. ಪಣ ಎರಡರಷ್ಟಾಯಿತು, ಅಪಾಯ ಏಳರಷ್ಟಾಯಿತು. ಜಾಣ್ಮೆ ಒಂದು ಕೂದಲಿನಷ್ಟೂ ಬದಲಾಗಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಆಟ ನಡೆಸುವವನೂ ತನ್ನ ಪಾಲನ್ನು ತೆಗೆಯದೆ ಬಿಡುವುದಿಲ್ಲ. ಆ ಪಾಲು ಮೇಜಿನ ಮೇಲಿನ ಹಣದಲ್ಲಿ ನೂರಕ್ಕೆ 5 ಎಂದುಕೊಂಡರೆ, ತಲಾ 100 ರೂಪಾಯಿ ಒಡ್ಡಿದಾಗ ಗೆದ್ದವನ ಲಾಭ 90 ರೂಪಾಯಿ, ಸೋತವನ ನಷ್ಟ ಪೂರ್ತಿ 100. ನೂರರಲ್ಲಿ 51 ಸಲ ಗೆದ್ದ ನಮ್ಮ ಜಾಣನಿಗೆ ಬಂದದ್ದು 4,590, ಹೋದದ್ದು 4,900; ನಷ್ಟ 310 ರೂಪಾಯಿ. ಕಡೆಯ ಪಕ್ಷ 53 ಸಲ ಗೆದ್ದರಷ್ಟೇ ಅವನು ತಲೆಯೆತ್ತಿಯಾನು. ದೊಡ್ಡ ಮೇಜುಗಳಲ್ಲಿ ಈ ಪಾಲಿಗೆ ಒಂದು ಮಿತಿ ಹಾಕಿರುವುದುಂಟು. ಸಣ್ಣ ಮೇಜುಗಳವರಿಗೆ ಆ ಮಿತಿಯ ಪ್ರಯೋಜನ ಅಷ್ಟಾಗಿ ಸಿಗುವುದಿಲ್ಲ. ಬಡವನ ತಟ್ಟೆಯಿಂದಲೇ ಹೆಚ್ಚು ತುತ್ತು ಹೋಗುವ ನ್ಯಾಯ ಇಲ್ಲಿಯೂ ತಪ್ಪಿಲ್ಲ!

ಈಗ ಒಬ್ಬ ಗುಮಾಸ್ತನ ಜಮಾಖರ್ಚಿಗೆ ಬರೋಣ. ತಿಂಗಳಿಗೆ 20,000 ರೂಪಾಯಿ ಸಂಬಳ. ಕೋಣೆಯ ಬಾಡಿಗೆ, ಊಟ, ಬಸ್ಸು, ಊರಿನಲ್ಲಿರುವ ತಾಯಿಗೆ ಕಳುಹಿಸುವ ಹಣ, ತಂಗಿಯ ಮದುವೆಗೆಂದು ಕಟ್ಟುವ ಚೀಟಿ ಎಲ್ಲವೂ ಕಳೆದು 2,000 ಉಳಿಯಿತೆನ್ನೋಣ. ಪಂಡಿತರ ಸಾಮಾನ್ಯ ನಿಯಮದಂತೆ ಮೇಜಿಗೆ ಕೂರುವಾಗ ಇಡುಗಂಟಿನ ಇಪ್ಪತ್ತನೆಯ ಒಂದು ಭಾಗವನ್ನಷ್ಟೇ ಒಯ್ಯಬೇಕು, ಅಂದರೆ 100 ರೂಪಾಯಿ. ಅಷ್ಟು ಹಣಕ್ಕೆ ಒಪ್ಪುವ ಮೇಜಿನಲ್ಲಿ ಕಡ್ಡಾಯದ ದೊಡ್ಡ ಪಣ 1 ರೂಪಾಯಿ. ಬಹಳ ಚೆನ್ನಾಗಿ ಆಡುವವನು, ಮೇಜಿನ ಪಾಲು ಕಳೆದು, ನೂರು ಕೈಗಳಿಗೆ ಅಂಥ ಐದು ಪಣಗಳನ್ನು ಗಳಿಸಿಯಾನು. ಗಂಟೆಗೆ 70 ಕೈ ನಡೆದರೆ ಅವನ ಸಂಪಾದನೆ ಮೂರೂವರೆ ರೂಪಾಯಿ! ನಿದ್ದೆಗೆಟ್ಟು ನಾಲ್ಕು ಗಂಟೆ ಆಡಿ ಗಳಿಸಿದ 14 ರೂಪಾಯಿಗೆ ನಮ್ಮ ಹೋಟೆಲುಗಳಲ್ಲಿ ಒಂದು ಲೋಟ ಕಾಫಿ ಸಿಗುವುದೂ ಸಂದೇಹ.

ಗಂಟೆಗೆ 100 ರೂಪಾಯಿ ಬೇಕೆಂದರೆ ಪಣ 30 ರೂಪಾಯಿಗೆ ಏರಬೇಕು, ಮೇಜಿಗೆ 3,000 ಒಯ್ಯಬೇಕು, ಹಿಂದೆ ಇಡುಗಂಟಾಗಿ 60,000 ಇರಬೇಕು. ಅದು ಅವನ ಮೂರು ತಿಂಗಳ ಪೂರ್ಣ ಸಂಬಳ. ಅಂಥ ಮೇಜಿನಲ್ಲಿ ಕೂರುವವರೂ ಮೊದಲಿನ ಎಳಸು ಆಟಗಾರರಲ್ಲ. ಶಿಸ್ತು ಕಾಯ್ದರೆ ಕೂಲಿ ಗಿಟ್ಟದು, ಕೂಲಿ ಗಿಟ್ಟಬೇಕೆಂದರೆ ಶಿಸ್ತು ಮುರಿಯಬೇಕು. ಸಣ್ಣ ಸಂಬಳದವನು ಸಿಕ್ಕಿಬೀಳುವುದು ಇಲ್ಲಿಯೇ. ಇಡುಗಂಟಿನ ಕೊರತೆಯನ್ನು ಅವನು ಯಾವುದರಿಂದ ತುಂಬಿಯಾನು? ಸಾಲ ಕೊಡುವ ಆ್ಯಪಿನಿಂದ, ಚೀಟಿಯ ಹಣದಿಂದ, ಕೊನೆಗೆ ಮಾಲಿಕರು ನಂಬಿ ಒಪ್ಪಿಸಿದ ಗಲ್ಲಾದಿಂದ. ಗಲ್ಲಾದಲ್ಲಿ ಕೂರುವವನಿಗೆ ನಂಬಿಕೆಯೇ ಆಸ್ತಿ. ಅದು ಒಮ್ಮೆ ಹೋದರೆ ಈ ಊರಿನ ಇನ್ನೊಂದು ಹೋಟೆಲಿನಲ್ಲಿಯೂ ಅವನಿಗೆ ಜಾಗ ಸಿಗುವುದು ಕಷ್ಟ.

ಗೆದ್ದು ಮೇಲೇರುವುದು ಬೇರೆ, ಸೋತು ಮೇಲೇರುವುದು ಬೇರೆ. ಯಕ್ಷಗಾನ ನೋಡಿ ಬೆಳೆದ ನಮ್ಮ ಕರಾವಳಿಯವರಿಗೆ ದ್ಯೂತದ ಪ್ರಸಂಗವನ್ನು ವಿವರಿಸಬೇಕಾಗಿಲ್ಲ. ಧರ್ಮರಾಯನ ಪಣ ಪ್ರತಿ ಸೋಲಿನ ನಂತರ ಹಿರಿದಾಗುತ್ತ ಹೋಯಿತು. ಧನವಾಯಿತು, ರಾಜ್ಯವಾಯಿತು, ತಮ್ಮಂದಿರಾದರು, ತಾನಾದ, ದ್ರೌಪದಿಯಾದಳು. ಶಕುನಿಯ ಕಪಟವನ್ನು ಬದಿಗಿರಿಸಿ ನೋಡಿದರೂ, ಆ ಕ್ರಮದಲ್ಲಿ ಆಡಿದವನು ಯಾವ ಮೇಜಿನಲ್ಲಿಯೂ ಉಳಿಯಲಾರ. ಸೋತಾಗ ಸಣ್ಣ ಮೇಜಿಗೆ ಇಳಿಯಬೇಕೆಂಬುದು ಪೋಕರ್ ಪಂಡಿತರ ಕಟ್ಟುನಿಟ್ಟಾದ ವಿಧಿ. ಮನುಷ್ಯನ ಅಭಿಮಾನಕ್ಕೆ ಅತ್ಯಂತ ಕಹಿಯಾದ ವಿಧಿಯೂ ಅದೇ.

ಈ ವಿಧಿಗಳನ್ನು ಪಾಲಿಸಿ ತೋರಿಸಿದವರಲ್ಲಿ ಅಮೆರಿಕದ ಕ್ರಿಸ್ ಫರ್ಗ್ಯುಸನ್ ಪ್ರಸಿದ್ಧರು. ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಅವರು 2000ದಲ್ಲಿ ಪೋಕರಿನ ವಿಶ್ವಸರಣಿಯ ಮುಖ್ಯ ಪಂದ್ಯವನ್ನು ಗೆದ್ದವರು. 2006ರಲ್ಲಿ ಕಾಸಿಲ್ಲದೆ ಪ್ರವೇಶ ಸಿಗುವ ಪಂದ್ಯಗಳಿಂದ ಆರಂಭಿಸಿ, ಇಡುಗಂಟಿನ ನೂರಕ್ಕೆ 5ಕ್ಕಿಂತ ಹೆಚ್ಚನ್ನು ಮೇಜಿಗೆ ಒಯ್ಯದೆ, ಮೇಜಿನ ಮೇಲಿನ ಹಣ ನೂರಕ್ಕೆ 10ನ್ನು ಮೀರಿದೊಡನೆ ಎದ್ದು ಬಂದು, ವರ್ಷಕ್ಕೂ ಮಿಕ್ಕಿದ ಶ್ರಮದಿಂದ 10,000 ಡಾಲರ್ ಮುಟ್ಟಿದರು. ಜಗಜ್ಜೆಟ್ಟಿಗೇ ಅಷ್ಟು ಕಾಲ ಹಿಡಿಯಿತು! ಅವರು ಆಡಿದ ಫುಲ್ ಟಿಲ್ಟ್ ಎಂಬ ತಾಣಕ್ಕೆ ಅವರೇ ಒಬ್ಬ ನಿರ್ದೇಶಕರು. 2011ರಲ್ಲಿ ಅಮೆರಿಕದ ಸರಕಾರ ಆ ತಾಣವನ್ನು ತಡೆದಾಗ ಹೊರಬಿದ್ದ ಲೆಕ್ಕದ ಪ್ರಕಾರ ಆಟಗಾರರಿಗೆ ಸಲ್ಲಬೇಕಾದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿದ್ದುದು ಸುಮಾರು 6 ಕೋಟಿ. ಸರಕಾರ ಹೂಡಿದ ದಾವೆಯನ್ನು ಫರ್ಗ್ಯುಸನ್ ತಪ್ಪೊಪ್ಪಿಕೊಳ್ಳದೆ 2013ರಲ್ಲಿ ರಾಜಿಯಿಂದ ಮುಗಿಸಿಕೊಂಡರು. ಆಟಗಾರ ತನ್ನ ಇಡುಗಂಟನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದರೂ ಅದನ್ನು ಇರಿಸಿದ ಪೆಟ್ಟಿಗೆಯ ಕೀಲಿ ಇನ್ನೊಬ್ಬನ ಕೈಯಲ್ಲಿತ್ತು.

ಕಾನೂನಿನ ಕತೆಯಲ್ಲಿ ನಮ್ಮ ಅವಳಿನಗರಕ್ಕೆ ವಿಶೇಷ ಸ್ಥಾನವಿದೆ. 1963ರಲ್ಲಿ ಸಿಕಂದರಾಬಾದಿನ ಕ್ರೆಸೆಂಟ್ ರಿಕ್ರಿಯೇಷನ್ ಕ್ಲಬ್ಬಿನ ಮೇಲೆ ಪೊಲೀಸರು ದಾಳಿಮಾಡಿ ರಮ್ಮಿ ಆಡುತ್ತಿದ್ದವರನ್ನು ಹಿಡಿದರು. ಆ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಬಿದ್ದ ಎಲೆಗಳನ್ನು ನೆನಪಿನಲ್ಲಿಡಬೇಕಾದ ರಮ್ಮಿಯಲ್ಲಿ ಕೌಶಲ್ಯವೇ ಪ್ರಧಾನ, ಮೂರೆಲೆಯಾಟದಂತೆ ಅದು ಕೇವಲ ಅದೃಷ್ಟವಲ್ಲ, ಎಂದು 1967ರಲ್ಲಿ ತೀರ್ಪಾಯಿತು. ಮುಂದೆ ಮೊಬೈಲಿನ ರಮ್ಮಿ, ಪೋಕರ್‌ಗಳೆಲ್ಲ ಈ ತೀರ್ಪಿನ ನೆರಳಿನಲ್ಲಿಯೇ ನಿಂತವು. ತೆಲಂಗಾಣವು 2017ರಲ್ಲಿ ತನ್ನ ಜೂಜಿನ ಕಾಯಿದೆಯನ್ನು ತಿದ್ದಿ ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕರ್ನಾಟಕ 2021ರಲ್ಲಿ ತಂದ ಅಂಥದೇ ತಿದ್ದುಪಡಿಯನ್ನು ಅಲ್ಲಿನ ಹೈಕೋರ್ಟು 2022ರ ಫೆಬ್ರವರಿಯಲ್ಲಿ ತಳ್ಳಿಹಾಕಿತು. ಕೊನೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾಯಿದೆ ಕೌಶಲ್ಯ, ಅದೃಷ್ಟ ಎಂಬ ಭೇದವನ್ನೇ ಎಣಿಸದೆ ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ನಡೆಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿಯವರೆಗೆ ದಂಡ. ಆಡಿದವನಿಗೆ ಆ ಕಾಯಿದೆ ಶಿಕ್ಷೆ ವಿಧಿಸುವುದಿಲ್ಲ. ಅದರ ವಿರುದ್ಧದ ಅರ್ಜಿಗಳನ್ನು ಸುಪ್ರೀಂ ಕೋರ್ಟು ಅದೇ ವರ್ಷ ಹೈಕೋರ್ಟುಗಳಿಂದ ತನ್ನೆಡೆಗೆ ವರ್ಗಾಯಿಸಿಕೊಂಡಿತು.

ಹೆಸರಾಂತ ಕಂಪೆನಿಗಳು ಹಣದ ಆಟವನ್ನು ನಿಲ್ಲಿಸಿದಾಗ ಆಟಗಾರರು ತಮ್ಮ ಶಿಲ್ಕನ್ನು ಹಿಂತೆಗೆದುಕೊಳ್ಳಬಹುದೆಂದು ತಿಳಿಸಿದ್ದವು. ಯಾರದಾದರೂ ಹಣ ಇನ್ನೂ ಅಲ್ಲಿ ಉಳಿದಿದ್ದರೆ ತಡಮಾಡದೆ ವಿಚಾರಿಸುವುದು ಲೇಸು. ಹೊರದೇಶದ ತಾಣವೊಂದಕ್ಕೋ, ಟೆಲಿಗ್ರಾಮಿನ ‘ಕ್ಲಬ್ಬಿ’ಗೋ ಸೇರಿಸುತ್ತೇನೆಂದು ಪರಿಚಯದವರೇ ಕರೆದರೂ, ಅಲ್ಲಿ ಗೆದ್ದ ಹಣ ಬಾರದಿದ್ದಾಗ ಯಾವ ಕಚೇರಿಯ ಕದ ತಟ್ಟುವುದೆಂದು ಅವರನ್ನೇ ಮೊದಲು ಕೇಳಬೇಕು. ಮೋಸದಿಂದ ಹಣ ಹೋಗಿದ್ದರೆ 1930 ಎಂಬ ಸಂಖ್ಯೆಗೆ ಕೂಡಲೇ ಫೋನು ಮಾಡಬೇಕು. ಆಟ ಬಿಡಲಾಗದೆ ಮನಸ್ಸು ಕುಗ್ಗಿದವರಿಗೆ 14416 ಎಂಬ ಸರಕಾರದ ಉಚಿತ ದೂರವಾಣಿಯಲ್ಲಿ ಕನ್ನಡದಲ್ಲಿಯೂ ಮಾತನಾಡುವವರು ಸಿಗುತ್ತಾರೆ.