ಕೊನೆಯ ದಿನವೂ ಅರ್ಜಿ ಪುಟ ತೆರೆಯಬೇಕು: ಲೋಡ್ ಟೆಸ್ಟಿಂಗ್ ಸಾಧನದ ಆಯ್ಕೆ



ವಿದ್ಯಾರ್ಥಿವೇತನದ ಕೊನೆಯ ದಿನ ವೆಬ್‌ಸೈಟ್ ನಿಂತುಹೋದರೆ ಅರ್ಹ ವಿದ್ಯಾರ್ಥಿಯೊಬ್ಬರ ಒಂದು ವರ್ಷದ ನೆರವು ಕೈತಪ್ಪಬಹುದು. ನೂರಾರು ಮಂದಿ ಒಮ್ಮೆಲೇ ಬಂದರೆ ವೆಬ್‌ಸೈಟ್ ತಡೆದೀತೇ ಎಂದು ಮೊದಲೇ ನೋಡುವುದೇ ಲೋಡ್ ಟೆಸ್ಟಿಂಗ್.

ಇದರ ಸಾಫ್ಟ್‌ವೇರ್‌ಗೆ ದಾನದ ಹಣ ಖರ್ಚಾಗಬೇಕಿಲ್ಲ. ಅಪಾಚೆ ಜೆಮೀಟರ್, ಕೆ6, ಲೋಕಸ್ಟ್ ಮೂರೂ ಉಚಿತವಾಗಿ ಸಿಗುತ್ತವೆ. ಜೆಮೀಟರ್‌ನಲ್ಲಿ ಕೋಡ್ ಬರೆಯದೆಯೇ ಪರೀಕ್ಷೆ ರೂಪಿಸಬಹುದು. ಕೆ6ಗೆ ಜಾವಾಸ್ಕ್ರಿಪ್ಟ್, ಲೋಕಸ್ಟ್‌ಗೆ ಪೈಥಾನ್ ತಿಳಿದಿರಬೇಕು. ವೆಬ್‌ಸೈಟ್ ನೋಡಿಕೊಳ್ಳುವವರಿಗೆ ಯಾವುದು ಗೊತ್ತಿದೆಯೋ ಅದನ್ನೇ ಆರಿಸುವುದು ಒಳ್ಳೆಯದು.

ಮುಖಪುಟ ತೆರೆದರೆ ಸಾಲದು. ಲಾಗಿನ್, ಅಂಕಪಟ್ಟಿ ಅಪ್‌ಲೋಡ್, ಅರ್ಜಿ ಸಲ್ಲಿಕೆ ಎಲ್ಲವನ್ನೂ ಪರೀಕ್ಷಿಸಬೇಕು. ಬಳಕೆದಾರರ ಸಂಖ್ಯೆಯನ್ನು 10, 50, 100 ಎಂದು ಹಂತಹಂತವಾಗಿ ಏರಿಸಬೇಕು.

ಫಲಿತಾಂಶದಲ್ಲಿ ಸರಾಸರಿಯನ್ನಷ್ಟೇ ನಂಬಬಾರದು. 100 ಅರ್ಜಿಗಳಲ್ಲಿ 95 ಅರ್ಜಿಗೆ ತಲಾ 1 ಸೆಕೆಂಡ್, ಉಳಿದ 5ಕ್ಕೆ ತಲಾ 60 ಸೆಕೆಂಡ್ ಹಿಡಿದರೂ ಸರಾಸರಿ 4 ಸೆಕೆಂಡ್ ದಾಟುವುದಿಲ್ಲ. ಕಾದು ಕುಳಿತ ಆ ಐವರು ಅಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಅತಿ ತಡವಾದ ಮತ್ತು ವಿಫಲವಾದ ಅರ್ಜಿಗಳ ಲೆಕ್ಕವನ್ನು ಬೇರೆಯಾಗಿ ನೋಡಬೇಕು.

ಈ ಪರೀಕ್ಷೆಯನ್ನು ಅರ್ಜಿ ಆಹ್ವಾನಕ್ಕೆ ಮೊದಲೇ, ಹೋಸ್ಟಿಂಗ್ ಸಂಸ್ಥೆಯ ಒಪ್ಪಿಗೆ ಪಡೆದು, ಕಾಲ್ಪನಿಕ ಹೆಸರುಗಳಲ್ಲಿ ನಡೆಸಬೇಕು. ಪೋಷಕರೂ ಕೊನೆಯ ದಿನದವರೆಗೆ ಕಾಯದೆ ಅರ್ಜಿ ಸಲ್ಲಿಸಬೇಕಾಗಿ ವಿನಂತಿ.